ಮನೆಯ ರಿಪೇರಿ ಮೇಜು: ಕೊಂಡ ವಸ್ತುಗಳ ಬಗ್ಗೆ ಒಂದು ವರ್ಷದ ನಂತರದ ವಿಮರ್ಶೆ

ಬೆಂಗಳೂರಿನ ಹನುಮಂತನಗರದಲ್ಲಿ ನಾವು ಬಾಡಿಗೆಗಿರುವ ಮೊದಲ ಮಹಡಿಯ ಮನೆಯಲ್ಲಿ ಎಂಟು ಅಡಿ ಉದ್ದ, ಆರು ಅಡಿ ಅಗಲದ ಒಂದು ಕೋಣೆಯಿದೆ. ಹಿಂದಿನ ಬಾಡಿಗೆದಾರರು ಅದನ್ನು ಉಗ್ರಾಣವಾಗಿ ಬಳಸುತ್ತಿದ್ದರು. ನಾವೂ ಎರಡು ವರ್ಷ ಹಳೆಯ ಸೂಟ್‌ಕೇಸುಗಳನ್ನೂ ರಾಗಿ ಚೀಲವನ್ನೂ ಅಲ್ಲೇ ತುಂಬಿದ್ದೆವು. ಆ ಎರಡು ವರ್ಷವೂ ನನ್ನ ರಿಪೇರಿ ಕೆಲಸವೆಲ್ಲ ನಡೆದದ್ದು ಊಟದ ಮೇಜಿನ ಮೇಲೆ. ರಾತ್ರಿ ಎಂಟೂವರೆಗೆ ಅಡುಗೆಮನೆಯಿಂದ ಸಾರಿನ ಪಾತ್ರೆ ಹೊರಬರುವ ಹೊತ್ತಿಗೆ, ಬಿಚ್ಚಿಟ್ಟ ರೇಡಿಯೊ, ಅದರ ಹನ್ನೊಂದು ಸ್ಕ್ರೂಗಳು, ನಾಬುಗಳು, ಬೆಸುಗೆ ತೆಗೆದ ತಂತಿಗಳು ಎಲ್ಲವೂ ಒಂದು ಪ್ಲಾಸ್ಟಿಕ್ ಕವರಿಗೆ ಸೇರಬೇಕಿತ್ತು. ಹಾಗೆ ಕವರಿಗೆ ಸೇರಿದ ವಸ್ತುಗಳಲ್ಲಿ ಅರ್ಧದಷ್ಟು ಮತ್ತೆ ಜೋಡಣೆಯಾಗಲಿಲ್ಲ. ರಿಪೇರಿ ಕಷ್ಟವಾಗಿತ್ತೆಂದಲ್ಲ, ಎಲ್ಲಿಗೆ ನಿಲ್ಲಿಸಿದ್ದೆ ಎಂಬುದು ನನಗೆ ನೆನಪಿರುತ್ತಿರಲಿಲ್ಲ.

ಕಳೆದ ವರ್ಷ ಆ ಕೋಣೆಯನ್ನು ಖಾಲಿ ಮಾಡಿ, ಒಟ್ಟು 24,740 ರೂಪಾಯಿ ಖರ್ಚಿನಲ್ಲಿ ಒಂದು ಕೆಲಸದ ಜಾಗ ಮಾಡಿಕೊಂಡೆ. ನಾನು ವೃತ್ತಿಯಿಂದ ಲೆಕ್ಕಪತ್ರದವನು. ಮಿಕ್ಸಿ, ಫ್ಯಾನು, ಅಡಾಪ್ಟರು, ಹಳೆಯ ರೇಡಿಯೊಗಳ ಆಚೆಗೆ ನನ್ನ ಕೈ ಹೋಗುವುದಿಲ್ಲ. ಆದ್ದರಿಂದ ಈ ವಿಮರ್ಶೆ ಅಂಗಡಿಯಿಟ್ಟು ಮೊಬೈಲ್ ರಿಪೇರಿ ಮಾಡುವವರಿಗೆ ಉಪಯೋಗವಾಗಲಾರದು. ಕೊಂಡ ಪ್ರತಿಯೊಂದು ವಸ್ತುವನ್ನೂ ನಾನು ಅಳೆದದ್ದು ಒಂದೇ ಪ್ರಶ್ನೆಯಿಂದ: ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದುಹೋಗಿ, ನಾಲ್ಕು ದಿನ ಬಿಟ್ಟು ಬಂದು ಕುಳಿತಾಗ, ಈ ವಸ್ತುವಿನಿಂದಾಗಿ ನಾನು ಬಿಟ್ಟಲ್ಲಿಂದಲೇ ಮುಂದುವರಿಯಬಲ್ಲೆನೇ?

ಮೊದಲು ಮೇಜು. ಆನ್‌ಲೈನಿನಲ್ಲಿ ಸಿಗುವ ಕಂಪ್ಯೂಟರ್ ಮೇಜುಗಳು ಹೆಚ್ಚಿನವು ಎರಡೂವರೆ ಅಡಿ ಎತ್ತರದವು. ಬರೆಯಲು ಅದು ಸರಿ, ಆದರೆ ಬೆಸುಗೆ ಹಾಕುವಾಗ ಬೋರ್ಡು ಕಣ್ಣಿಗೆ ಹತ್ತಿರವಿರಬೇಕಾದ್ದರಿಂದ ಬೆನ್ನು ಬಾಗುತ್ತದೆ, ಒಂದು ಗಂಟೆಯಲ್ಲಿ ಕತ್ತು ಹಿಡಿಯುತ್ತದೆ. ಹಾಗಾಗಿ ನಮ್ಮ ಬೀದಿಯ ಬಡಗಿಯೊಬ್ಬರಿಂದ ಆರು ಅಡಿ ಉದ್ದ, ಎರಡು ಅಡಿ ಅಗಲ, ಮೂರು ಅಡಿ ಎತ್ತರದ ಮೇಜನ್ನು 19 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಮಾಡಿಸಿದೆ. ಕುಳಿತುಕೊಳ್ಳಲು ಎತ್ತರದ ಸ್ಟೂಲು ಮನೆಯಲ್ಲೇ ಇತ್ತು. ಮೇಲೆ ಮಿರುಗದ, ತಿಳಿ ಬೂದು ಬಣ್ಣದ ಸನ್‌ಮೈಕಾ ಹಾಕಿಸಿದ್ದೇನೆ. ಮರದ ಗೆರೆಗಳಿರುವ ಕಂದು ಸನ್‌ಮೈಕಾ ನೋಡಲು ಚೆನ್ನ, ಆದರೆ ಅದರ ಮೇಲೆ ಬಿದ್ದ ಎರಡು ಮಿಲಿಮೀಟರಿನ ಸ್ಕ್ರೂ ಕಣ್ಣಿಗೆ ಸಿಗುವುದಿಲ್ಲ.

ನಾನು ಕೇಳಿದ ಇನ್ನೊಂದು ಸಂಗತಿ ಬಡಗಿಗೆ ವಿಚಿತ್ರವಾಗಿ ಕಂಡಿತು. ಮೇಜಿನ ಮೂರು ಅಂಚಿಗೂ ಒಂದು ಸೆಂಟಿಮೀಟರ್ ಎತ್ತರದ ಪಟ್ಟಿ ಬೇಕು, ಏನೂ ಉರುಳಿ ಕೆಳಗೆ ಬೀಳಬಾರದು ಎಂದೆ. "ತೊಟ್ಟಿಲಿಗೆ ಕಟ್ಟೆ ಇರ್ತದೆ ಸಾರ್, ಮೇಜಿಗೆ ಯಾಕೆ?" ಎಂದರು. "ಆಚಾರ್ರೇ, ನನ್ನ ಸ್ಕ್ರೂಗಳೂ ಮಕ್ಕಳಿದ್ದ ಹಾಗೇ, ನೋಡ್ತಾ ನೋಡ್ತಾ ಉರುಳಿಬಿಡ್ತವೆ" ಎಂದೆ. ನಕ್ಕರು, ಆದರೆ ಪಟ್ಟಿಯನ್ನು ಹೊಡೆಯುವಾಗ ನಾನು ಹೇಳದಿದ್ದರೂ ಅದರ ಒಳಮಗ್ಗುಲನ್ನು ಉಜ್ಜಿ ದುಂಡಗೆ ಮಾಡಿದರು. ಮಣಿಕಟ್ಟು ದಿನವೂ ಅದೇ ಜಾಗದಲ್ಲಿ ಊರಿಕೊಳ್ಳುತ್ತದೆಂಬುದು ಅವರಿಗೆ ಹೊಳೆದಿತ್ತು, ನನಗೆ ಹೊಳೆದಿರಲಿಲ್ಲ. ಕೂಲಿ, ಸಾಮಾನು ಎಲ್ಲ ಸೇರಿ 9,500 ರೂಪಾಯಿ. ಒಟ್ಟು ಖರ್ಚಿನಲ್ಲಿ ಇದೇ ದೊಡ್ಡ ಪಾಲು, ಮತ್ತು ಮರುಯೋಚನೆ ಮಾಡಬೇಕೆನಿಸದ ಪಾಲು.

ಮೇಜಿನ ನಂತರ ನೇರವಾಗಿ ಉಪಕರಣಗಳನ್ನು ಕೊಳ್ಳಲು ಹೊರಟಿದ್ದವನನ್ನು ತಡೆದವರು ದೂರವಾಣಿ ಉಪಕರಣಗಳ ಐಟಿಐ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಕೆಳಮನೆಯ ಹಿರಿಯರು. "ಮೊದಲು ಅರ್ತಿಂಗ್ ಇದೆಯೋ ನೋಡಿ" ಎಂಬುದು ಅವರ ಒಂದೇ ಮಾತು. ಅರ್ತಿಂಗ್ ಎಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ. ಗೋಡೆಯ ಸಾಕೆಟ್ಟಿನಲ್ಲಿ ಮೂರು ರಂಧ್ರಗಳಿವೆ ಎಂದಮಾತ್ರಕ್ಕೆ ಮೂರನೆಯದಕ್ಕೆ ತಂತಿ ಇದೆ ಎಂದು ಅರ್ಥವಲ್ಲ. ಮಲ್ಟಿಮೀಟರಿನಲ್ಲಿ ನೋಡಿದೆ: ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು ಸರಿಯಾಗಿಯೇ ತೋರಿತು, ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ತೋರಬೇಕಾಗಿದ್ದದ್ದು ಎಪ್ಪತ್ತು, ಎಂಬತ್ತು ಎಂದು ಅಲೆದಾಡುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಸ್ವಿಚ್‌ಬೋರ್ಡು ಬಿಚ್ಚಿದಾಗ ಹಸಿರು ತಂತಿ ಎಲ್ಲಿಗೂ ಸೇರದೆ ಒಳಗೆ ಸುರುಳಿಯಾಗಿ ಮಲಗಿತ್ತು. ಅದನ್ನು ಸೇರಿಸಲು 600 ರೂಪಾಯಿ. ಮನೆಯ ಮಾಲೀಕರ ಒಪ್ಪಿಗೆ ಪಡೆದು ಆ ಕೋಣೆಯ ಲೈನಿಗೆ, ಕರೆಂಟು ಸೋರಿದ ತಕ್ಷಣ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಲು 2,100 ರೂಪಾಯಿ. ರಿಪೇರಿ ಮೇಜಿನ ಬಗ್ಗೆ ನಾನು ನೋಡಿದ ಬಹುಪಾಲು ವಿಡಿಯೊಗಳಲ್ಲಿ ಈ ಖರ್ಚಿನ ಸುದ್ದಿಯೇ ಇಲ್ಲ, ಆದರೆ ಮುಂದೆ ಹೇಳುವ ಮ್ಯಾಟು, ಬೆಸುಗೆಯ ಐರನ್ನು ಎರಡೂ ಇದರ ಮೇಲೆಯೇ ನಿಂತಿವೆ.

ಖರೀದಿಯೆಲ್ಲ ಬಹುತೇಕ ನಡೆದದ್ದು ಎಸ್.ಪಿ. ರಸ್ತೆಯಲ್ಲಿ, ಎಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿದರೆ ಎರಡನೆಯ ನಿಲ್ದಾಣವೇ ಚಿಕ್ಕಪೇಟೆ. ಅಲ್ಲಿಂದ ನಡೆದು ಹೋಗಬಹುದು, ಕಾರು ಒಯ್ಯುವ ಸಾಹಸ ಬೇಡ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಮುಖ್ಯರಸ್ತೆಯ ಅಂಗಡಿಗಳಲ್ಲಿ ಲ್ಯಾಪ್‌ಟಾಪು, ಸಿಸಿಟಿವಿ ಕಣ್ಣಿಗೆ ಬೀಳುತ್ತವೆ. ಬಿಡಿಭಾಗಗಳ ಅಂಗಡಿಗಳು ಅಡ್ಡರಸ್ತೆಗಳಲ್ಲಿ, ಕಿರಿದಾದ ಮೆಟ್ಟಿಲು ಹತ್ತಿ ಹೋಗಬೇಕಾದ ಮೊದಲ ಮಹಡಿಗಳಲ್ಲಿ ಇರುತ್ತವೆ. ಅಲ್ಲಿ ಬೆಸುಗೆ ತಂತಿಯನ್ನು "ಲೆಡ್" ಎಂದೂ ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಫ್ಲಕ್ಸನ್ನು "ಪೇಸ್ಟ್" ಎಂದೂ ಐರನ್ನಿನ ಮೊನೆಯನ್ನು "ಬಿಟ್" ಎಂದೂ ಕೇಳಿದರೆ ಮಾತು ಬೇಗ ಮುಗಿಯುತ್ತದೆ. ಸುಟ್ಟ ಭಾಗವನ್ನು ಕೈಯಲ್ಲೇ ಒಯ್ಯುವುದು ಇನ್ನೂ ಒಳ್ಳೆಯದು. ರೆಸಿಸ್ಟರುಗಳನ್ನು ಬಿಡಿಯಾಗಿ ಕೊಡಲು ಅನೇಕರು ಒಪ್ಪುವುದಿಲ್ಲ, ನೂರರ ಕಟ್ಟನ್ನೇ ಕೊಳ್ಳಬೇಕು. ಒಮ್ಮೆ ಕೊಂಡ ಐಸಿ (ಚಿಪ್ಪು), ಟ್ರಾನ್ಸಿಸ್ಟರುಗಳನ್ನು ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ, ಇದರಲ್ಲಿ ಅವರ ತಪ್ಪಿಲ್ಲ. ಕೌಂಟರಿನ ಹಿಂದೆ ನಿಂತವರ ಜ್ಞಾನದ ಬಗ್ಗೆ ಮಾತ್ರ ನನಗೆ ಗೌರವ ಮೂಡಿದೆ: ಉಬ್ಬಿದ ಒಂದು ಕೆಪಾಸಿಟರನ್ನು (ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಡುವ ಬಿಡಿಭಾಗ) ತೋರಿಸಿದರೆ, ಅದರ ಎತ್ತರ ನೋಡಿಯೇ "ಇದು ರೂಟರ್ ಅಡಾಪ್ಟರಿನದು, 105 ಡಿಗ್ರಿಯದ್ದೇ ಹಾಕಿ" ಎಂದು, ಅಂದರೆ ಅಷ್ಟು ಶಾಖ ತಾಳುವಂಥದ್ದನ್ನೇ ಹಾಕಿ ಎಂದು ಹೇಳಿದವರಿದ್ದಾರೆ.

ಬೆಸುಗೆ ಸ್ಟೇಷನ್ನಿನ, ಅಂದರೆ ಶಾಖ ಹೊಂದಿಸಬಲ್ಲ ಬೆಸುಗೆ ಐರನ್ನಿನ ಬಗ್ಗೆ ಹೆಚ್ಚು ಬರೆಯಬೇಕಾಗಿದೆ. ಜಪಾನಿನ ಹಾಕೋ ಕಂಪನಿಯ 936 ಎಂಬ ಮಾದರಿಯನ್ನು ಹೋಲುವ ಅನೇಕ ಸ್ಟೇಷನ್‌ಗಳು ಮಾರುಕಟ್ಟೆಯಲ್ಲಿವೆ. ಅಂಥದೊಂದನ್ನು 2,200 ರೂಪಾಯಿಗೆ ಕೊಂಡೆ. ತಯಾರಕರ ಹೆಸರು ಇಲ್ಲಿ ಬೇಡ. ಉಷ್ಣತೆಯನ್ನು ತಿರುಗಿಸುವ ಗುಂಡಿಯಿಂದ ಹೊಂದಿಸಬಹುದು, ಬಿಟ್ಟುಗಳು ಸುಲಭವಾಗಿ ಸಿಗುತ್ತವೆ, ಹಿಡಿಯ ತಂತಿ ಮೆತ್ತಗಿದೆ. ನೇರವಾಗಿ ಗೋಡೆಗೆ ಸಿಕ್ಕಿಸುವ 25 ವ್ಯಾಟಿನ ಹಳೆಯ ಐರನ್ನಿನೊಂದಿಗೆ ಹೋಲಿಸಿದರೆ ಇದು ಬೇರೆಯೇ ಲೋಕ. ಆದರೆ ತಂದ ಮೊದಲ ಸಂಜೆಯೇ, ಕೆಳಮನೆಯ ಹಿರಿಯರ ಮಾತು ನೆನಪಾಗಿ, ಪ್ಲಗ್ಗಿನ ಅರ್ತ್ ಪಿನ್ನಿಗೂ ಐರನ್ನಿನ ಬಿಟ್ಟಿಗೂ ನಡುವೆ ಮೀಟರ್ ಹಿಡಿದೆ. ಒಂದೆರಡು ಓಮ್ ತೋರಬೇಕಿತ್ತು, ಸಂಪರ್ಕವೇ ಇರಲಿಲ್ಲ. ಪೆಟ್ಟಿಗೆ ತೆರೆದು ನೋಡಿದರೆ ಅರ್ತ್ ತಂತಿಯ ತುದಿ ಟರ್ಮಿನಲ್ಲಿನಿಂದ ಕಳಚಿಕೊಂಡಿತ್ತು. ಅಂಗಡಿಗೆ ಫೋನು ಮಾಡಿದಾಗ "ಎಲ್ಲರೂ ಹಾಗೇ ಬಳಸ್ತಾರೆ ಸಾರ್, ಏನೂ ಆಗಲ್ಲ" ಎಂಬ ಉತ್ತರ ಬಂತು. ತಂತಿಯನ್ನು ನಾನೇ ಒತ್ತಿ ಕೂರಿಸಿದೆ. ರಿಪೇರಿ ಮಾಡಲೆಂದು ಕೊಂಡ ಉಪಕರಣವೇ ಮೊದಲ ರಿಪೇರಿಯಾಯಿತೆಂದು ಮನೆಯವರೆಲ್ಲ ನಕ್ಕರು. ಇದನ್ನು ಕೊಳ್ಳುವವರು ಈ ಒಂದು ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡುವುದು ಲೇಸು. ಮೀಟರ್ ಅವರಲ್ಲೇ ಇರುತ್ತದೆ, ಒಂದು ನಿಮಿಷ ಸಾಕು.

ಜೊತೆಗೆ ಬರುವ ಶಂಕುವಿನಾಕಾರದ ಮೊನಚು ಬಿಟ್ ನೋಡಲು ನಾಜೂಕಾಗಿ ಕಂಡರೂ ಕೆಲಸಕ್ಕೆ ಬಾರದು. ಮೊನೆಯಲ್ಲಿ ಲೋಹ ಕಡಿಮೆಯಿರುವುದರಿಂದ ಶಾಖ ಬೋರ್ಡಿಗೆ ಇಳಿಯುವುದಿಲ್ಲ, ನಾವು ಗುಂಡಿಯನ್ನು 400 ಡಿಗ್ರಿಗೆ ತಿರುಗಿಸುತ್ತೇವೆ, ಬಿಟ್ ಕಪ್ಪಾಗುತ್ತದೆ, ಆಮೇಲೆ ಲೆಡ್ ಹಿಡಿಯುವುದೇ ಇಲ್ಲ. ಚಪ್ಪಟೆ ಉಳಿಯಂತಿರುವ 2.4 ಮಿಲಿಮೀಟರ್ ಬಿಟ್ ಹಾಕಿದ ಮೇಲೆ 330ರಲ್ಲೇ ಎಲ್ಲ ಕೆಲಸವೂ ಆಗುತ್ತಿದೆ. ತವರ 63, ಸೀಸ 37 ಪಾಲಿನ ಬೆಸುಗೆ ತಂತಿ 183 ಡಿಗ್ರಿಯಲ್ಲಿ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುತ್ತದೆ. 60/40ರ ತಂತಿ ಕರಗುವಿಕೆಗೂ ಗಟ್ಟಿಯಾಗುವಿಕೆಗೂ ನಡುವೆ ತುಸು ಹೊತ್ತು ಅಂಬಲಿಯಂತೆ ಇರುತ್ತದೆ, ಆಗ ಕೈ ಅಲುಗಿದರೆ ಜೋಡಣೆ ಕೆಡುತ್ತದೆ. ನನ್ನಂತೆ ಕೈ ನಡುಗುವವರು ಸ್ವಲ್ಪ ಹೆಚ್ಚು ಕೊಟ್ಟಾದರೂ ಮೊದಲನೆಯದನ್ನೇ ಕೊಳ್ಳಬೇಕು. ಒದ್ದೆ ಸ್ಪಂಜಿನ ಬದಲು ಹಿತ್ತಾಳೆ ಸುರುಳಿಯಲ್ಲಿ ಬಿಟ್ ಒರೆಸುವುದೂ, ಆರಿಸುವ ಮುನ್ನ ಮೊನೆಗೆ ಹೊಸ ಲೆಡ್ ಬಳಿದು ಬಿಡುವುದೂ ಅಭ್ಯಾಸವಾದ ಮೇಲೆ ಒಂದೇ ಬಿಟ್ ವರ್ಷವಿಡೀ ಬಾಳಿದೆ.

ಮ್ಯಾಟಿನ ವಿಷಯದಲ್ಲಿ ಎರಡು ಸಲ ದುಡ್ಡು ಕೊಟ್ಟೆ ಎನ್ನಬೇಕು, ಮೊದಲನೆಯದನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಲ್ಲ. ಮೊಬೈಲ್ ರಿಪೇರಿಯವರು ಬಳಸುವ, ಗುಳಿಗುಳಿಗಳಿರುವ ನೀಲಿ ಸಿಲಿಕೋನ್ ಮ್ಯಾಟು ಶಾಖವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಸಿಲಿಕೋನ್ ತಾನಾಗಿ, ಸೂಕ್ಷ್ಮ ಬಿಡಿಭಾಗಗಳನ್ನು ಕೆಡಿಸಬಲ್ಲ ಸ್ಥಿರ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ವಸ್ತುವಲ್ಲ, ಮತ್ತು ಅದರ ಗುಳಿಗಳು ಮೊಬೈಲ್ ಸ್ಕ್ರೂಗಳಿಗೆ ಮಾತ್ರ ಸಾಲುತ್ತವೆ. ನಂತರ ಕೊಂಡ, ಸ್ಥಿರ ವಿದ್ಯುತ್ತನ್ನು ಇಳಿಸುವ ಎರಡು ಪದರದ ಹಸಿರು ರಬ್ಬರ್ ಇಎಸ್‌ಡಿ ಮ್ಯಾಟಿಗೆ 1,650 ರೂಪಾಯಿ. ಮೊದಲ ಮೂರು ವಾರ ಕೋಣೆಯಲ್ಲಿ ಹೊಸ ಟೈರಿನ ವಾಸನೆ ಇತ್ತು. ಇದರ ಜೊತೆ ಬರುವ, ಮೈಯನ್ನು ಅರ್ತಿಗೆ ಜೋಡಿಸುವ ಮಣಿಕಟ್ಟಿನ ಪಟ್ಟಿಯ ತಂತಿಯಲ್ಲಿ ಒಂದು ಮೆಗಾ ಓಮ್ ರೆಸಿಸ್ಟರ್ ಇರಬೇಕು. ಅಕಸ್ಮಾತ್ 230 ವೋಲ್ಟ್ ತಗುಲಿದರೂ ಅದರ ಮೂಲಕ ಕಾಲು ಮಿಲಿಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ. ಅಗ್ಗದ ಪಟ್ಟಿಗಳಲ್ಲಿ ಅದರ ಬದಲು ನೇರ ತಂತಿ ಇದ್ದರೆ ಅದು ರಕ್ಷಣೆಯಲ್ಲ, ಅಪಾಯ. ಇದನ್ನೂ ಮೀಟರಿನಲ್ಲಿ ನೋಡಿಕೊಳ್ಳಬಹುದು. ಇನ್ನು, ಕರೆಂಟಿಗೆ ಸಿಕ್ಕಿಸಿದ ಉಪಕರಣವನ್ನು ತೆರೆದು ಪರೀಕ್ಷಿಸುವಾಗ ಪಟ್ಟಿಯನ್ನು ಕಳಚಿಡುವುದೇ ಸರಿ. ನಿಜ ಹೇಳಬೇಕೆಂದರೆ ಫ್ಯಾನು, ಮಿಕ್ಸಿಗಳಿಗೆ ಈ ಮ್ಯಾಟಿನ ಸ್ಥಿರ ವಿದ್ಯುತ್ ಗುಣ ಬೇಕಾಗಿಯೇ ಇಲ್ಲ. ಫೆಬ್ರುವರಿ, ಮಾರ್ಚಿನ ಒಣ ಮಧ್ಯಾಹ್ನಗಳಲ್ಲಿ ಐಸಿ ಇರುವ ಬೋರ್ಡು ಮುಟ್ಟುವಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ.

ದೀಪಕ್ಕೆ 2,400 ರೂಪಾಯಿ ಕೊಟ್ಟೆ. ಸುತ್ತ ಎಲ್‌ಇಡಿ ಇರುವ, ಮೇಜಿನಂಚಿಗೆ ಕಚ್ಚುವ ಮಸೂರದ ದೀಪ ಅದು. ಪೆಟ್ಟಿಗೆಯ ಮೇಲೆ "10X" ಎಂದು ಮುದ್ರಿಸಿದ್ದರೂ ಒಳಗಿರುವುದು 3 ಡಯಾಪ್ಟರ್ (ಮಸೂರದ ಶಕ್ತಿಯ ಅಳತೆ) ಮಸೂರ, ಅದರ ಹಿಗ್ಗುವಿಕೆ ಸುಮಾರು ಒಂದೂಮುಕ್ಕಾಲು ಪಟ್ಟು. ಬಣ್ಣದ ಪಟ್ಟಿಗಳನ್ನು ಓದಲು, ಬಿರುಕು ಬಿಟ್ಟ ಬೆಸುಗೆ ಹುಡುಕಲು ಅಷ್ಟು ಸಾಕು. ಆದರೆ ನಮ್ಮ ಕೋಣೆಯ ಕಿಟಕಿ ಪೂರ್ವಕ್ಕಿದೆ. ಒಂದು ಬೆಳಿಗ್ಗೆ ಸುಟ್ಟ ಕಾಗದದ ವಾಸನೆ ಬಂದು ಓಡಿಹೋಗಿ ನೋಡಿದರೆ, ಮುಚ್ಚದೆ ಬಿಟ್ಟ ಮಸೂರದ ಮೂಲಕ ಬಿಸಿಲು ಬಿದ್ದು ಮೇಜಿನ ಮೇಲಿದ್ದ ಪತ್ರಿಕೆಯಲ್ಲಿ ಹುಣಸೆಬೀಜದಷ್ಟು ತೂತಾಗಿತ್ತು. ಮುಚ್ಚಳವಿಲ್ಲದ ಮಸೂರದ ದೀಪವನ್ನು ಕಿಟಕಿಯ ಬಳಿ ಇಡುವವರು ಹಳೆಯ ಕಾಲ್ಚೀಲವನ್ನಾದರೂ ಅದಕ್ಕೆ ತೊಡಿಸಬೇಕು.

ಅತ್ಯಂತ ಉತ್ಸಾಹದಿಂದ ಕೊಂಡು ಅತ್ಯಂತ ತಪ್ಪಾಗಿ ಬಳಸಿದ್ದು ಅರವತ್ತು ಖಾನೆಗಳ ಪ್ಲಾಸ್ಟಿಕ್ ಡ್ರಾಯರ್ ಪೆಟ್ಟಿಗೆಯನ್ನು. ಬೆಲೆ 1,900 ರೂಪಾಯಿ. ರೆಸಿಸ್ಟರುಗಳ ಇ12 ಎಂಬ ಪ್ರಮಾಣಿತ ಸರಣಿಯಲ್ಲಿ 10, 12, 15, 18 ಎಂದು ಹನ್ನೆರಡು ಮೌಲ್ಯಗಳಿವೆ. ಹತ್ತು ಹತ್ತು ಪಟ್ಟು ಏರುವ ಐದು ಶ್ರೇಣಿಗಳಿಗೆ ಹನ್ನೆರಡರಂತೆ ಅರವತ್ತು ಖಾನೆ ಸರಿಹೋಗುತ್ತದೆ ಎಂಬ ಲೆಕ್ಕಿಗನ ಹಿಗ್ಗಿನಿಂದ, ಒಂದು ಇಡೀ ಭಾನುವಾರ ಕುಳಿತು ಪ್ರತಿ ಖಾನೆಗೂ ಚೀಟಿ ಅಂಟಿಸಿದೆ. ನಾಲ್ಕು ತಿಂಗಳ ನಂತರ ಎಣಿಸಿದಾಗ, ಆ ಅರವತ್ತರಲ್ಲಿ ನಾನು ತೆರೆದದ್ದು ಏಳು ಖಾನೆಗಳನ್ನು. ಅಷ್ಟರಲ್ಲಿ ಫ್ಯಾನಿನ ಎರಡೂವರೆ ಎಂಎಫ್‌ಡಿ (ಮೈಕ್ರೋಫ್ಯಾರಡ್) ಕೆಪಾಸಿಟರ್, ಮಿಕ್ಸಿಯ ಕಾರ್ಬನ್ ಮತ್ತು ಕಪ್ಲರ್, ಗಾಜಿನ ಫ್ಯೂಸು, 1ಎನ್4007 ಡಯೋಡು ಇವೆಲ್ಲ ಜಾಗವಿಲ್ಲದೆ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಕಲಸಿಹೋಗಿದ್ದವು. ಮನೆಯಲ್ಲಿ ಕೆಡುವುದು ಉಪಕರಣವೇ ಹೊರತು 39 ಕಿಲೋ ಓಮ್ ರೆಸಿಸ್ಟರ್ ಅಲ್ಲ ಎಂಬ ಸರಳ ಸಂಗತಿ ನನಗೆ ತಿಳಿಯಲು ಅಷ್ಟು ಕಾಲ ಹಿಡಿಯಿತು.

ಈಗ ಖಾನೆಗಳು ಕೆಲಸದ ಹೆಸರಿನಲ್ಲಿವೆ. ಮೇಲಿನ ಸಾಲು ಫ್ಯಾನು, ಎರಡನೆಯದು ಮಿಕ್ಸಿ, ಮೂರು ಮತ್ತು ನಾಲ್ಕು ಅಡಾಪ್ಟರ್. ಅಲ್ಲಿ 25 ವೋಲ್ಟಿನ 470 ಮತ್ತು 1000 ಮೈಕ್ರೋಫ್ಯಾರಡ್ ಕೆಪಾಸಿಟರುಗಳು ಅಕ್ಕಪಕ್ಕದಲ್ಲೇ ಇವೆ, ಏಕೆಂದರೆ ರೂಟರಿನ 12 ವೋಲ್ಟ್ ಅಡಾಪ್ಟರುಗಳಲ್ಲಿ ನಾನು ಬದಲಿಸಿದ್ದು ಹೆಚ್ಚಾಗಿ ಇವನ್ನೇ. ರೆಸಿಸ್ಟರುಗಳೆಲ್ಲ ಅಂಚೆ ಲಕೋಟೆಗಳಲ್ಲಿ ಸೇರಿ, ಮೈಸೂರುಪಾಕಿನ ಖಾಲಿ ಪೆಟ್ಟಿಗೆಯೊಂದರಲ್ಲಿ ಗ್ರಂಥಾಲಯದ ಕಾರ್ಡುಗಳಂತೆ ನಿಂತಿವೆ. ಚೀಟಿಗಳನ್ನು ಕನ್ನಡದಲ್ಲೇ, ಕಾಗದದ ಟೇಪಿನ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಮೊದಲು ಮಾರ್ಕರಿನಲ್ಲಿ ಬರೆದಿದ್ದ ಹೆಸರುಗಳನ್ನು ಬೋರ್ಡು ತೊಳೆಯುವ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿದ ಬೆರಳು ಒಂದೊಂದಾಗಿ ಅಳಿಸಿಹಾಕಿತ್ತು. ಪೆಟ್ಟಿಗೆಯ ಗುಣಮಟ್ಟದ ಬಗ್ಗೆ ಹೇಳುವುದಾದರೆ, ಖಾನೆಗಳಿಗೆ ಹಿಂದೆ ತಡೆಯಿಲ್ಲ. ಸ್ವಲ್ಪ ಜೋರಾಗಿ ಎಳೆದರೆ ಪೂರ್ತಿ ಕೈಗೆ ಬಂದು ಒಳಗಿನದೆಲ್ಲ ಚೆಲ್ಲುತ್ತದೆ. ಇದೊಂದು ಕಾರಣಕ್ಕೆ ನಾನು ಇದನ್ನು ಶಿಫಾರಸು ಮಾಡಲಾರೆ. ತಡೆಯಿರುವ ಪೆಟ್ಟಿಗೆ ಸಿಕ್ಕರೆ ಮುನ್ನೂರು ರೂಪಾಯಿ ಹೆಚ್ಚಾದರೂ ಅದನ್ನೇ ಕೊಳ್ಳಬೇಕು.

ಮೀಟರಿಗೆ 1,800 ರೂಪಾಯಿ, ಕಿಟಕಿಯ ಎಕ್ಸಾಸ್ಟ್ ಫ್ಯಾನಿಗೆ 1,300. ಮೀಟರಿನ ಬಗ್ಗೆ ದೂರಿಲ್ಲ. ಫ್ಯಾನು ಮಾತ್ರ ಐಷಾರಾಮದ ವಸ್ತುವಲ್ಲ, ಬೇಕೇಬೇಕು: ಬೆಸುಗೆ ಹಾಕುವಾಗ ಏಳುವ ಹೊಗೆ ಸೀಸದ್ದಲ್ಲ, ರಾಳದ ಫ್ಲಕ್ಸಿನದು, ಮತ್ತು ಆ ರಾಳದ ಹೊಗೆ ಕೆಲವರಲ್ಲಿ ದಮ್ಮಿಗೆ ಕಾರಣವಾಗುತ್ತದೆ. ಸೀಸ ಒಳಹೋಗುವುದು ಕೈಯಿಂದ ಬಾಯಿಗೆ. ಹಾಗಾಗಿ ಕಾಫಿ ಲೋಟ ಈ ಕೋಣೆಯ ಹೊಸ್ತಿಲು ದಾಟಬಾರದೆಂಬ ನಿಯಮ ಮಾಡಿದೆ. ಅಮ್ಮ ಮೊದಲು ಮುನಿಸಿಕೊಂಡರು, ಈಗ ಹೊಸ್ತಿಲಲ್ಲೇ ನಿಂತು ಕೂಗುತ್ತಾರೆ.

ಸೀರೀಸ್ ಬಲ್ಬಿನ ಬೋರ್ಡನ್ನು ನಾನೇ 450 ರೂಪಾಯಿಯಲ್ಲಿ ಮಾಡಿಕೊಂಡೆ. ನಮ್ಮ ಹಳೆಯ ರೇಡಿಯೊ, ಟಿವಿ ಮೆಕ್ಯಾನಿಕ್ಕುಗಳ ಮೇಜಿನ ಮೇಲೆ ತಪ್ಪದೆ ಇರುತ್ತಿದ್ದ ವಸ್ತು ಇದು: ಪರೀಕ್ಷಿಸಬೇಕಾದ ಉಪಕರಣದೊಂದಿಗೆ ಸರಣಿಯಲ್ಲಿ ಒಂದು 60 ವ್ಯಾಟಿನ ತಂತು (ಫಿಲಮೆಂಟ್) ಬಲ್ಬು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಫ್ಯೂಸು ಹಾರುವುದಿಲ್ಲ, ಹೊಸದಾಗಿ ಹಾಕಿದ ಭಾಗವೂ ಸುಡುವುದಿಲ್ಲ. ಅಡಾಪ್ಟರು ಸರಿಯಿದ್ದರೆ ಕ್ಷಣ ಮಿಂಚಿ ಮಂಕಾಗುತ್ತದೆ. ಎಲ್‌ಇಡಿ ಬಲ್ಬು ಇದಕ್ಕೆ ಆಗದು, ತಂತು ಬಲ್ಬೇ ಆಗಬೇಕು. ಅದನ್ನು ಹುಡುಕಲು ಮೂರು ಅಂಗಡಿ ಅಲೆದೆ. ಇದು ಉಪಕರಣವನ್ನು ಕಾಯುತ್ತದೆಯೇ ಹೊರತು ನಮ್ಮನ್ನು ಕಾಯುವುದಿಲ್ಲ. ಅಡಾಪ್ಟರಿನೊಳಗಿನ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 325 ವೋಲ್ಟಿನವರೆಗೆ ಉಳಿದಿರಬಹುದು. ಎರಡು ತಂತಿಗಳ ನಡುವೆ 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರ್ ಬೆಸೆದ ಒಂದು ಕಡ್ಡಿಯನ್ನು ಈ ಬೋರ್ಡಿನ ಪಕ್ಕದಲ್ಲೇ ನೇತುಹಾಕಿದ್ದೇನೆ. ಕೆಲವು ಸೆಕೆಂಡು ಅದನ್ನು ತಾಗಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಬೆರಳು ಹೋಗುತ್ತದೆ.

ಇಷ್ಟೆಲ್ಲದರಲ್ಲಿ ನನ್ನ ಪ್ರಶ್ನೆಗೆ ನೇರ ಉತ್ತರ ಕೊಟ್ಟದ್ದು ಎಲೆಕ್ಟ್ರಾನಿಕ್ಸ್ ಅಂಗಡಿಯ ವಸ್ತುವೇ ಅಲ್ಲ. ಚಿಕ್ಕಪೇಟೆಯಿಂದ ಮರಳುವಾಗ ಪಾತ್ರೆ ಅಂಗಡಿಯೊಂದರಲ್ಲಿ, ಎರಡು ಬೆರಳು ಎತ್ತರದ ಅಂಚಿರುವ ಆರು ಸ್ಟೀಲ್ ತಟ್ಟೆಗಳನ್ನು ಒಂದಕ್ಕೆ 140 ರೂಪಾಯಿಯಂತೆ ಕೊಂಡೆ. ಒಂದು ಕೆಲಸಕ್ಕೆ ಒಂದು ತಟ್ಟೆ. ಬಿಚ್ಚಿದ ಉಪಕರಣ, ಅದರ ಸ್ಕ್ರೂಗಳು, ತರಬೇಕಾದ ಭಾಗದ ಚೀಟಿ, ಎಲ್ಲಿಗೆ ನಿಲ್ಲಿಸಿದೆ ಎಂಬ ಒಂದು ಸಾಲಿನ ಟಿಪ್ಪಣಿ ಎಲ್ಲವೂ ಅದರಲ್ಲೇ. ಏಳುವಾಗ ತಟ್ಟೆಯನ್ನು ಹಾಗೇ ಎತ್ತಿ ಮೇಜಿನ ಕೆಳಗಿನ ಹಲಗೆಯ ಮೇಲೆ ಇಡುತ್ತೇನೆ. ತಟ್ಟೆಯ ತಳಕ್ಕೆ ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ಅಂಟಿಸಿದ್ದೇನೆ. ಈ ಸ್ಟೀಲು ತಾನು ಅಯಸ್ಕಾಂತಕ್ಕೆ ಅಂಟದಿದ್ದರೂ ಅದರ ಮೂಲಕ ಸೆಳೆತ ಹಾದುಬಂದು ಸ್ಕ್ರೂಗಳು ಒಂದೇ ಕಡೆ ಗುಂಪಾಗಿ ನಿಲ್ಲುತ್ತವೆ. ಎಚ್ಚರಿಕೆ ಒಂದೇ: ತಟ್ಟೆ ಲೋಹದ್ದಾದ್ದರಿಂದ ಅದರಲ್ಲಿಟ್ಟ ಬೋರ್ಡಿಗೆ ಎಂದೂ ಕರೆಂಟು ಕೊಡಬಾರದು, ಎತ್ತಿ ಮ್ಯಾಟಿನ ಮೇಲಿಟ್ಟೇ ಕೊಡಬೇಕು. ಕಳೆದ ಗೌರಿ ಹಬ್ಬಕ್ಕೆ ನೆಂಟರು ಬಂದಾಗ ಹನ್ನೆರಡು ದಿನ ಕೋಣೆಗೆ ಕಾಲಿಡಲಾಗಲಿಲ್ಲ. ಹದಿಮೂರನೆಯ ದಿನ ತಟ್ಟೆ ಎಳೆದು, "ಬ್ಯಾಂಡ್ ಸ್ವಿಚ್ ತೊಳೆದಾಗಿದೆ, ಎಡಗಡೆಯ ಕಪ್ಪು ತಂತಿ ಬೆಸೆಯಬೇಕು" ಎಂಬ ನನ್ನದೇ ಬರಹ ಓದಿ, ಕಪ್ಪು ತಂತಿಯನ್ನು ಬೆಸೆದೆ. ರೇಡಿಯೊ ಹಾಡಿತು.

ಬಿಸಿಗಾಳಿಯಿಂದ ಬೆಸುಗೆ ಕರಗಿಸುವ ಹಾಟ್ ಏರ್ ಸ್ಟೇಷನ್ ಕೊಂಡಿಲ್ಲ, ಸದ್ಯ ಕೊಳ್ಳುವುದೂ ಇಲ್ಲ. ಅದನ್ನಿಡಲು ಮೇಜಿನಲ್ಲಿ ಒಂದೂವರೆ ಅಡಿ ಹೋಗುತ್ತದೆ. ವರ್ಷದಲ್ಲಿ ಅದು ಬೇಕಾದದ್ದು ಎರಡು ಸಲ, ಎರಡೂ ಸಲ ಬೋರ್ಡನ್ನು ಎಸ್.ಪಿ. ರಸ್ತೆಯ ಅಡ್ಡರಸ್ತೆಯೊಂದಕ್ಕೆ ಒಯ್ದು, ನೂರೈವತ್ತು ರೂಪಾಯಿ ಕೊಟ್ಟು, ಎದುರಿಗೆ ನಿಂತು ಕೆಲಸ ನೋಡಿ ಬಂದೆ. ಆರರಲ್ಲಿ ಮೂರು ತಟ್ಟೆಗಳು ಈಗಲೂ ತುಂಬಿವೆ, ಅದರಲ್ಲಿ ಒಂದು ಕೆಳಮನೆಯವರ ಮಿಕ್ಸಿಯದು.